ಎರಡು ದೋಣಿ, ಒಂದು ಪುಟದ ರಿಪೋರ್ಟು

ಮೀನು ಹಿಡಿಯುವ ದೋಣಿಗೆ ಅಲ್ಯುಮಿನಿಯಂ ಒಳ್ಳೆಯದೋ ಫೈಬರ್ ಒಳ್ಳೆಯದೋ ಎಂದು ನನ್ನನ್ನು ಈಗಲೂ ಕೇಳುವವರಿದ್ದಾರೆ. ನಮ್ಮ ಡೊಂಬಿವಲಿ ಸೊಸೈಟಿಯ ಎರಡನೇ ಮಾಳಿಗೆಯ ಹುಡುಗಿ ಇಂಜಿನಿಯರಿಂಗ್ ಮುಗಿಸಿ ದೋಣಿ ಕಟ್ಟುವ ಕಂಪನಿಯೊಂದರ ಕ್ವಾಲಿಟಿ ವಿಭಾಗಕ್ಕೆ ಸೇರಿದ್ದಾಳೆ. ಅವಳ ಅಪ್ಪ ಅಮ್ಮ ಬಾಗಲಕೋಟೆ ಕಡೆಯವರು. ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಅಂಕಲ್, ಆಪ್ ಬಸ್ ಇತನಾ ಬತಾಯಿಯೆ, ದೋನೋ ಮೇಂ ಅಚ್ಛಾ ಕೌನ್ಸಾ?" ಎಂದು ಕೇಳಿದಳು. ಎರಡರಲ್ಲಿ ಒಳ್ಳೆಯದು ಯಾವುದು ಎಂದು ಇಷ್ಟು ಸಲೀಸಾಗಿ ಕೇಳುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಹೊಟ್ಟೆಕಿಚ್ಚೂ ಆಗುತ್ತದೆ. ಒಂದು ಕಾಲದಲ್ಲಿ ನಾನೂ ಅಷ್ಟೇ ಸಲೀಸಾಗಿ ಉತ್ತರ ಬರೆದುಕೊಟ್ಟವನು. ಆ ಉತ್ತರದಿಂದ ಒಬ್ಬ ಒಳ್ಳೆಯ ಕೆಲಸಗಾರನ ಅನ್ನಕ್ಕೆ ಕಲ್ಲು ಬಿತ್ತು. ಅವಳಂಥವರು ಓದಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಪ್ಪ ಓದಿ ಹೇಳಲಿ.

ಎಪ್ಪತ್ತರ ದಶಕದಲ್ಲಿ ನಾನು ಸೇರಿದ ಕಾರ್ಖಾನೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿತ್ತು. ಒಂದೇ ಕಂಪೌಂಡು, ಎರಡು ಶೆಡ್ಡು, ನಡುವೆ ತಗಡಿನ ಗೋಡೆ. ಈಚೆಯದು ಅಲ್ಯುಮಿನಿಯಂ ಶೆಡ್ಡು. ಅಲ್ಲಿ ಹಾಳೆ ಕತ್ತರಿಸಿ, ಬಗ್ಗಿಸಿ, ಗ್ಯಾಸ್ ಉರಿಯಲ್ಲಿ ಬೆಸೆದು ದೋಣಿ ಮಾಡುತ್ತಿದ್ದರು. ಆಚೆಯದು ಫೈಬರ್ ಶೆಡ್ಡು. ಅಲ್ಲಿ ಅಚ್ಚಿಗೆ ಮೇಣ ಹಚ್ಚಿ, ಗಾಜಿನ ನೂಲಿನ ಚಾಪೆ ಹಾಸಿ, ಅದರ ಮೇಲೆ ಬೆಲ್ಲದ ಪಾಕದಂಥ ರೆಸಿನ್ ಬಳಿದು, ಗಟ್ಟಿಯಾದ ಮೇಲೆ ದೋಣಿಯನ್ನು ಅಚ್ಚಿನಿಂದ ಬಿಡಿಸುತ್ತಿದ್ದರು. ಈಚೆ ಕಿವಿ ಹೋಗುವಷ್ಟು ಸದ್ದು, ಆಚೆ ತಲೆ ತಿರುಗುವಷ್ಟು ವಾಸನೆ. ಎರಡೂ ಕಡೆ ತಪಾಸಣೆ ಮಾಡಲು ನಾನೊಬ್ಬನೇ ಇದ್ದೆ. ಉಡುಪಿ ಕಡೆಯವನು, ಸಮುದ್ರದಂಡೆಯಲ್ಲಿ ಬೆಳೆದವನು ಎಂದು ನನ್ನನ್ನು ಆರಿಸಿಕೊಂಡಿದ್ದರು. ಡಿಪ್ಲೊಮಾದ ಸರ್ಟಿಫಿಕೇಟನ್ನು ಯಾರೂ ಸರಿಯಾಗಿ ನೋಡಿದಂತೆ ಕಾಣಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದದ್ದು ತುರಿಕೆ. ಗಾಜಿನ ನೂಲಿನ ಪುಡಿ ಕಾಲರಿನೊಳಗೆ, ಮೊಣಕೈ ಮಡಿಕೆಯಲ್ಲಿ, ಎಲ್ಲೆಂದರಲ್ಲಿ ಸೇರಿಕೊಳ್ಳುತ್ತದೆ. ಸಂಜೆಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಾಗಲೂ ನಾನು ಕೆರೆದುಕೊಳ್ಳಲು ಶುರು ಮಾಡಿದರೆ ಸುತ್ತ ಒಂದಡಿ ಜಾಗ ತಾನಾಗಿ ಆಗುತ್ತಿತ್ತು. ಅದೊಂದೇ ಲಾಭ. ಮನೆಯಲ್ಲಿ ನನ್ನ ಅಂಗಿಗೆ ಬೇರೆಯೇ ಬಕೆಟು ಇಟ್ಟಿದ್ದರು.

ನಮ್ಮ ವರ್ಕ್ಸ್ ಮ್ಯಾನೇಜರು ಪೇಂಡಸೆ ಸಾಹೇಬರು. ನೌಪಾಡಾದ ಮನೆಯಿಂದ ನಡೆದೇ ಬರುತ್ತಿದ್ದರು, ಮಳೆ ಇರಲಿ ಬಿಸಿಲಿರಲಿ ಕೈಯಲ್ಲಿ ಕೊಡೆ. ಫೈಬರ್ ದೋಣಿಯ ಮೈಯನ್ನು ಕೊಡೆಯ ಹಿಡಿಯಿಂದ ಕುಟ್ಟುತ್ತಾ, ತಲೆ ವಾರೆ ಮಾಡಿ ಕೇಳುತ್ತಾ, ಉದ್ದಕ್ಕೂ ಹೋಗುವರು. ಎಲ್ಲಿ ಪದರಗಳ ನಡುವೆ ಗಾಳಿ ಉಳಿದಿದೆಯೋ ಅಲ್ಲಿ ಸದ್ದು ಬದಲಾಗುತ್ತದೆ. ಅದನ್ನು ನನಗೆ ಕಲಿಸಿದವರು ಅವರೇ. ಕಲಿಸಿದ ಇನ್ನೊಂದು ವಿದ್ಯೆ ರಿಪೋರ್ಟು ಬರೆಯುವುದು. ರಿಪೋರ್ಟು ಒಂದೇ ಪುಟ ಇರಬೇಕು. ಎರಡನೇ ಪುಟ ಇದ್ದರೆ ಓದದೆ ಹರಿದು ಬಿಸಾಡುತ್ತಿದ್ದರು. "ಇರಬಹುದು, ಆಗಿರಬಹುದು, ಇದೆಲ್ಲ ಜ್ಯೋತಿಷ್ಯದವರಿಗೆ ಬಿಡು. ಇದೆ ಅಥವಾ ಇಲ್ಲ, ಅಷ್ಟು ಬರಿ," ಎನ್ನುತ್ತಿದ್ದರು. ಎಳೆ ವಯಸ್ಸಿನ ನನಗೆ ಅದು ಬಹಳ ಗಂಡುಮಾತು ಅನ್ನಿಸಿತ್ತು.

ಅವರ ಕೈಕೆಳಗೆ ನಾನು ಮಾಡಿದ ಮೊದಲ ಎಡವಟ್ಟು ಮಳೆಗಾಲದ್ದು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ರೆಸಿನ್ ಬೇಗ ಗಟ್ಟಿಯಾಗುವುದಿಲ್ಲ. ಎರಡು ದಿನ ಕಾದರೂ ದೋಣಿಯ ಮೈ ಹಲಸಿನ ಮೇಣದ ಹಾಗೆ ಅಂಟಂಟು. ನಾನು ಬುದ್ಧಿವಂತಿಕೆ ಮಾಡಿ ಮುಂದಿನ ದೋಣಿಗೆ ಗಟ್ಟಿ ಮಾಡುವ ದ್ರಾವಣವನ್ನು ಒಂದೂವರೆ ಪಟ್ಟು ಹಾಕಿಸಿದೆ. ಬಕೆಟ್ಟಿನಲ್ಲಿಯೇ ಹೊಗೆ ಎದ್ದಿತು. ಬಳಿದಷ್ಟು ಭಾಗ ಬೆಳಗಾಗುವುದರೊಳಗೆ ಬಿರುಕು ಬಿಟ್ಟು ಅಚ್ಚಿಗೆ ಕಚ್ಚಿಕೊಂಡಿತ್ತು. ಪೇಂಡಸೆ ಬಯ್ಯಲಿಲ್ಲ. ನನ್ನ ಕೈಗೆ ಮರದ ಉಳಿ ಕೊಟ್ಟರು, ಅಚ್ಚು ಕೆಡದ ಹಾಗೆ ಬಿಡಿಸು ಎಂದರು. ಎರಡು ದಿನ ಕೆತ್ತಿದೆ. ಆಮೇಲೆ ಎಂದೂ ಅಳತೆ ಮೀರಿ ಹಾಕಿದವನಲ್ಲ.

ಎರಡನೆಯದು ಕಲ್ಯಾಣದ ಖಾಡಿಯಲ್ಲಿ ಆಯಿತು. ಇಲ್ಲಿಯವರು ಖಾಡಿ ಎನ್ನುವುದು ಸಮುದ್ರದ ನೀರು ಒಳನಾಡಿಗೆ ಚಾಚಿದ ಅಳಿವೆಗೆ. ಅಲ್ಲಿನ ಒಬ್ಬ ಮೀನುಗಾರ ನಮ್ಮ ಸಣ್ಣ ಫೈಬರ್ ದೋಣಿ ಕೊಂಡಿದ್ದ. ಮರದ ದೋಣಿಯಾದರೆ ಆಗಾಗ ದಂಡೆಯಲ್ಲಿ ಓರೆ ಮಲಗಿಸಿ, ತಳದ ಕೆಳಗೆ ಒಣಹುಲ್ಲಿನ ಬೆಂಕಿ ತೋರಿಸುವುದು ವಾಡಿಕೆ. ಅಂಟಿದ ಚಿಪ್ಪು, ಕೊರೆಯುವ ಹುಳು ಸಾಯುತ್ತವೆ, ಮೇಲೆ ಎಣ್ಣೆ ಬಳಿದರೆ ಮರ ಗಟ್ಟಿ ನಿಲ್ಲುತ್ತದೆ. ನಮ್ಮೂರಲ್ಲೂ ಮಾಡುತ್ತಾರೆ, ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವನು ಹೊಸ ದೋಣಿಗೂ ಅದೇ ಅಕ್ಕರೆಯಿಂದ ಬೆಂಕಿ ತೋರಿಸಿದ. ಹಿಂಭಾಗ ಅರ್ಧ ಉರಿದುಹೋಯಿತು. ನಾನು ಹೋಗಿ ನಿಂತಾಗ ಅವನು ಜಗಳ ಮಾಡಲಿಲ್ಲ. "ತುಮ್ಹಿ ಸಾಂಗಿತ್ಲಂಚ್ ನಾಯ್," ನೀವು ಹೇಳಲೇ ಇಲ್ಲವಲ್ಲ ಎಂದ, ಅಷ್ಟೆ. ಹೇಳಿದ್ದೆ, ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯಲ್ಲಿ. ದೋಣಿ ಕೊಡುವ ಮೊದಲು, ಹಳೆಯ ದೋಣಿಗೆ ನೀನು ಏನೇನು ಮಾಡುತ್ತಿದ್ದೆ ಎಂದು ಕೇಳಬೇಕು ಎಂಬುದನ್ನು ಅವತ್ತು ಕಲಿತೆ. ಬೇರೆಯವರನ್ನು ಕೇಳಲು ಕಲಿತೆ. ನನ್ನನ್ನು ನಾನು ಕೇಳಿಕೊಳ್ಳಬೇಕು ಅನ್ನುವುದು ಹೊಳೆದಿರಲಿಲ್ಲ.

ಇನ್ನು ಬಸಣ್ಣನ ವಿಷಯ. ಅಲ್ಯುಮಿನಿಯಂ ಶೆಡ್ಡಿನ ಮುಖ್ಯ ವೆಲ್ಡರು, ಬೈಲಹೊಂಗಲದವನು, ಕಲ್ಯಾಣದ ಚಾಳಿನಲ್ಲಿ ಸಂಸಾರ. ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯುಮಿನಿಯಂ ಹಾಗಲ್ಲ, ಬಣ್ಣವೇ ಬದಲಾಗದೆ ಇದ್ದಕ್ಕಿದ್ದಂತೆ ಕರಗಿ ಕುಸಿಯುತ್ತದೆ. ಯಾವ ಗಳಿಗೆಯಲ್ಲಿ ಉರಿ ಹಿಂದೆಗೆಯಬೇಕು ಎಂಬುದು ಕೈಗೆ ಗೊತ್ತಿರಬೇಕು, ಹೇಳಿಕೊಡಲು ಬರುವುದಿಲ್ಲ. ಬಸಣ್ಣನ ಕೈಗೆ ಗೊತ್ತಿತ್ತು. ಬೆಸುಗೆ ಕೂರಲೆಂದು ಹಚ್ಚುವ ಫ್ಲಕ್ಸ್ ಎಂಬ ಬಿಳಿ ಪುಡಿಯನ್ನು ಕೆಲಸ ಮುಗಿದ ಮೇಲೆ ಬಿಸಿನೀರು, ಬ್ರಶ್ಶು ಹಾಕಿ ತೊಳೆಯಬೇಕು. ಉಳಿದರೆ ಅದು ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಅವನು ದೋಣಿಯೊಳಗೆ ಕೂತು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದ. ಮೀನಿನ ವಾಸನೆ ಕಂಡರಾಗದವನು ಮೀನಿನ ದೋಣಿ ಮಾಡುತ್ತಾನೆ ಎಂದು ನಾನು ತಮಾಷೆ ಮಾಡಿದರೆ, "ನನ್ನ ದೋಣ್ಯಾಗ ಹಿಡದ ಮೀನಿನ ಪಾಪ ಎಲ್ಲಾ ನಿಮ್ದು ನೋಡ್ರಿ, ತಿನ್ನೋರು ನೀವು," ಎನ್ನುತ್ತಿದ್ದ. ಮಧ್ಯಾಹ್ನ ಅವನ ಜೋಳದ ರೊಟ್ಟಿಗೂ ನನ್ನ ಕುಚ್ಚಲಕ್ಕಿ ಅನ್ನಕ್ಕೂ ಅದಲುಬದಲು ನಡೆಯುತ್ತಿತ್ತು.

ಆ ದಶಕದ ಕೊನೆಯ ಹೊತ್ತಿಗೆ, ಈಗ ಸೀವುಡ್ಸ್ ಎಂದು ಕರೆಯುವ ಕಡೆ ಖಾಡಿಯ ದಂಡೆಯಲ್ಲಿ ಒಂದು ಕೋಳಿವಾಡಾ, ಅಂದರೆ ಮೀನುಗಾರರ ಕೇರಿ, ನಮ್ಮನ್ನು ಹುಡುಕಿಕೊಂಡು ಬಂತು. ಆಗ ಅಲ್ಲಿ ಸ್ಟೇಷನ್ನೂ ಇರಲಿಲ್ಲ, ಕಟ್ಟಡಗಳೂ ಇರಲಿಲ್ಲ. ಕೆಸರು, ಉಪ್ಪಿನ ಗದ್ದೆ, ಅಲ್ಲಲ್ಲಿ ಹೊಸ ಊರಿಗೆ ಮಣ್ಣು ತುಂಬುವ ಲಾರಿಗಳು ಮಾತ್ರ. ಆ ಕೇರಿಯ ಹತ್ತು ಕುಟುಂಬಗಳು ಸೇರಿ ಸಂಘ ಮಾಡಿಕೊಂಡಿದ್ದವು. ಹಿರಾಜಿ ಎಂಬ ಹಿರಿಯ ಅದರ ಮುಖಂಡ. ಎಲ್ಲರ ಮರದ ದೋಣಿಗಳೂ ಮುದಿಯಾಗಿದ್ದವು. ಸರಕಾರದ ನೆರವು ಸಿಗಬೇಕಾದರೆ ಹತ್ತೂ ದೋಣಿ ಒಂದೇ ಜಾತಿಯದಾಗಿರಬೇಕಿತ್ತು, ಮತ್ತೆ ಕೇಳುವ ಹಾಗಿರಲಿಲ್ಲ. ಹಾಗಾಗಿ ಒಂದು ಅಲ್ಯುಮಿನಿಯಂ, ಒಂದು ಫೈಬರ್, ಎರಡನ್ನೂ ಒಂದು ಹಂಗಾಮು ಓಡಿಸಿ ನೋಡುವುದು ಎಂದಾಯಿತು. ನಮ್ಮ ಕಂಪನಿಗೂ ಅದೇ ಪರೀಕ್ಷೆ. ಯಾವುದು ಗೆಲ್ಲುತ್ತದೋ ಆ ಶೆಡ್ಡು ಬೆಳೆಸುತ್ತೇವೆ, ಇನ್ನೊಂದನ್ನು ಮುಚ್ಚುತ್ತೇವೆ ಎಂದು ಪೇಂಡಸೆ ಎಲ್ಲರೆದುರು ಹೇಳಿಬಿಟ್ಟರು. ತೀರ್ಮಾನ ನನ್ನ ರಿಪೋರ್ಟಿನ ಮೇಲೆ. ಬಸಣ್ಣ ಅವತ್ತು ರೊಟ್ಟಿ ಕೊಡುತ್ತಾ, "ಇನ್ಮ್ಯಾಲ ನಿಮಗ ಎರಡು ರೊಟ್ಟಿ ಕೊಡಬೇಕೇನೋಪಾ," ಎಂದು ನಕ್ಕ. ನಾನೂ ನಕ್ಕೆ.

ಈ ಸಲ ಕಲ್ಯಾಣದ ಪಾಠ ಮರೆತಿರಲಿಲ್ಲ. ದೋಣಿ ಕೊಡುವ ಮೊದಲೇ ಹಿರಾಜಿಯ ಮನೆಯಂಗಳದಲ್ಲಿ ಕೂತು ಎಲ್ಲ ಕೇಳಿ ತಿಳಿದೆ. ಫೈಬರಿನ ಹತ್ತಿರ ಬೆಂಕಿ ತರಬೇಡಿ. ಅಲ್ಯುಮಿನಿಯಂ ದೋಣಿಗೆ ತಾಮ್ರ ಮುಟ್ಟಿಸಬೇಡಿ, ತಾಮ್ರದ ಮೊಳೆ, ತಂತಿ, ತಾಮ್ರ ಬೆರೆಸಿದ ಬಣ್ಣ, ಯಾವುದೂ ಬೇಡ. ಉಪ್ಪುನೀರಿನಲ್ಲಿ ಎರಡೂ ಸೇರಿದರೆ ತಾಮ್ರ ಅಲ್ಯುಮಿನಿಯಮ್ಮನ್ನು ತಿಂದುಹಾಕುತ್ತದೆ. ಮರಾಠಿಯಲ್ಲಿ ನಿಧಾನವಾಗಿ, ಎರಡೆರಡು ಸಲ ಹೇಳಿದೆ. ಹಿರಾಜಿ ತಲೆಯಾಡಿಸಿದ. ಅವನ ಹೆಂಡತಿ ಪಾರುಬಾಯಿ ಮೀನಿನ ಬುಟ್ಟಿ ಕಟ್ಟುತ್ತಲೇ ಕೇಳಿಸಿಕೊಂಡು, ಈ ದೋಣಿಗೆ ಸೊಸೆಗಿಂತ ಹೆಚ್ಚು ನಖರಾ ಇದೆ ಎಂದಳು.

ಶ್ರಾವಣದಲ್ಲಿ ಮೀನುಗಾರರು ಸಮುದ್ರಕ್ಕೆ ತೆಂಗಿನಕಾಯಿ ಒಪ್ಪಿಸುವ ನಾರಳಿ ಪೂರ್ಣಿಮೆಯ ದಿನ ಎರಡೂ ದೋಣಿ ನೀರಿಗಿಳಿದವು. ಮುಂದಿನ ತಿಂಗಳುಗಳಲ್ಲಿ ನಾನು ವಾರಕ್ಕೊಮ್ಮೆ ಠಾಣೆಯಿಂದ ಬೇಲಾಪುರದ ಬಸ್ಸು ಹಿಡಿದು ಹೋಗುತ್ತಿದ್ದೆ. ಅಲ್ಯುಮಿನಿಯಂ ದೋಣಿಯ ಮೇಲೆ ದೂರುಗಳು ಬಹಳ ಇದ್ದವು. ಹುಟ್ಟು ತಗುಲಿದರೆ ಢಣ್ ಎನ್ನುತ್ತದೆ, ಮೀನು ಓಡುತ್ತದೆ. "ಹಾ ಡಬ್ಬಾ ಹಾಯ್," ಇದು ಡಬ್ಬ ಎಂದು ಪಾರುಬಾಯಿ ಹೆಸರಿಟ್ಟಳು. ಬಿಸಿಲಿಗೆ ಕಾಲಿಡಲಾಗುವುದಿಲ್ಲ, ಗೋಣಿತಾಟು ಒದ್ದೆ ಮಾಡಿ ಹಾಸಬೇಕು. ಫೈಬರ್ ದೋಣಿ ತಣ್ಣಗೆ, ಸದ್ದಿಲ್ಲದೆ, ನೋಡಲು ಚೆಂದ. ಆದರೆ ಆ ದಂಡೆಯಲ್ಲಿ ಕೆಸರಿನ ನಡುವೆ ಬಂಡೆಗಳು, ಬಂಡೆಗಳ ಮೇಲೆ ಬ್ಲೇಡಿನಂಥ ಸಿಂಪಿಯ ಚಿಪ್ಪು. ದಿನವೂ ಎಳೆದು ಎಳೆದು ಮೂರೇ ತಿಂಗಳಲ್ಲಿ ಫೈಬರಿನ ತಳ ಸವೆದು ಗಾಜಿನ ನೂಲು ಇಣುಕತೊಡಗಿತು. ಅಲ್ಯುಮಿನಿಯಮ್ಮಿಗೆ ಬರೀ ಗೀರು. ಹಗುರವೂ ಹೌದು, ಇಳಿತದ ಹೊತ್ತಿನಲ್ಲಿ ಇಬ್ಬರೇ ಕೆಸರಿನ ಮೇಲೆ ಜಾರಿಸಿಕೊಂಡು ಹೋಗುತ್ತಿದ್ದರು. ಹಿರಾಜಿಯ ಮನಸ್ಸು ಡಬ್ಬದ ಕಡೆಗೆ ವಾಲುತ್ತಿತ್ತು. ನನ್ನದೂ ಹಾಗೆಯೇ. ಬಸಣ್ಣನಿಗೆ ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಅವನು ನನ್ನ ಮುಖ ನೋಡಿಯೇ ತಿಳಿದುಕೊಂಡಿದ್ದ.

ಹೋಳಿಯ ಆಸುಪಾಸಿನಲ್ಲಿ ಅಲ್ಯುಮಿನಿಯಂ ದೋಣಿ ಸೋರತೊಡಗಿತು. ನಾನು ಹೋಗಿ ಮುಟ್ಟುವಾಗ ಭರತದ ನೀರು ಏರಿ ಬರಲು ಅರ್ಧ ಗಂಟೆ ಉಳಿದಿತ್ತು. ಹಿರಾಜಿ ದೋಣಿಯ ಒಳಗೆಲ್ಲ ನೀರು ಹೊಯ್ದು ತೊಳೆದು, ತಳದ ಮೇಲೆ ಹಾಸುವ ಹಲಗೆಗಳನ್ನು ಮೊದಲಿನಂತೆ ಜೋಡಿಸಿ, ಓರೆ ಮಲಗಿಸಿ ಇಟ್ಟಿದ್ದ. ಕೆಸರಿನಲ್ಲಿ ಮೊಣಕಾಲೂರಿ ತಳ ನೋಡಿದೆ. ಮೂತಿಯ ಹತ್ತಿರ, ಬಸಣ್ಣನ ಬೆಸುಗೆಯ ಸಾಲಿನಿಂದ ಎರಡು ಬೆರಳು ಆಚೆ, ಸೂಜಿಯ ಕಣ್ಣಿನಷ್ಟು ತೂತು. ಅದರ ಸುತ್ತ ಬಿಳಿ ಪುಡಿ. ಸರಿಯಾಗಿ ತೊಳೆಯದ ಫ್ಲಕ್ಸ್ ಲೋಹವನ್ನು ತಿಂದಾಗ ಹೀಗೆಯೇ ಬಿಳಿ ಪುಡಿ ಏಳುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಕಣ್ಣೆದುರು ಕಂಡಾಗ ಆಗುವ ಒಂದು ಖುಷಿ ಇದೆಯಲ್ಲ, ನಾಚಿಕೆಯಿಂದ ಹೇಳುತ್ತೇನೆ, ಅದು ನನಗೆ ಆಯಿತು. ಹಲಗೆ ಎತ್ತಿ ಒಳಗಿನಿಂದ ನೋಡಲಿಲ್ಲ. ನೀರು ಏರುತ್ತಿತ್ತು, ಬಸ್ಸಿನ ಹೊತ್ತೂ ಆಗಿತ್ತು.

ದೋಣಿ ಕಾರ್ಖಾನೆಗೆ ಬಂದಾಗ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದವನು ಬಸಣ್ಣನೇ. ಅಂಗೈಯಗಲದ ಆ ತುಂಡನ್ನು ಹಿಡಿದುಕೊಂಡು ನೇರ ನನ್ನ ಟೇಬಲ್ಲಿಗೆ ಬಂದ. "ಇದು ಒಳಗಿಂದ ತಿಂದೈತ್ರಿ, ಹೊರಗಿಂದಲ್ಲ. ನನ್ನ ಸಾಲು ಎಲ್ಲೈತಿ, ತೂತು ಎಲ್ಲೈತಿ ನೋಡ್ರಿ. ತೊಳದೀನ್ರಿ ನಾನು."

"ಫ್ಲಕ್ಸ್ ನೀರಿನಲ್ಲಿ ಹರಿದು ಅಲ್ಲಿ ಬಂದು ನಿಂತಿರಬಹುದು ಮಾರಾಯ," ಎಂದೆ.

ಅವನಿಗೆ ಹೇಳುವಾಗ 'ಇರಬಹುದು' ಎಂದೆ. ರಿಪೋರ್ಟಿನಲ್ಲಿ ಆ ಶಬ್ದ ಇರಲಿಲ್ಲ. ಬೆಸುಗೆಯ ನಂತರ ಫ್ಲಕ್ಸ್ ತೊಳೆಯುವುದರಲ್ಲಿ ವೆಲ್ಡರನ ನಿರ್ಲಕ್ಷ್ಯ, ಇಂಥ ನಿರ್ಲಕ್ಷ್ಯ ಮರುಕಳಿಸುವ ಸಂಭವ, ಆದ್ದರಿಂದ ಈ ದಂಡೆಗೆ ಫೈಬರ್ ದೋಣಿಯೇ ಯೋಗ್ಯ. ಅಚ್ಚುಕಟ್ಟಾದ ಒಂದು ಪುಟ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಪೇಂಡಸೆ ಓದಿ, ಚೆನ್ನಾಗಿ ಬರೆದಿದ್ದೀ ಎಂದರು. ತುಂಡನ್ನು ಒಂದು ಲಕೋಟೆಗೆ ಹಾಕಿ ನನ್ನ ಡ್ರಾವರಿನಲ್ಲಿಟ್ಟೆ.

ಸಂಘ ಫೈಬರ್ ಆರಿಸಿತು. ಅಲ್ಯುಮಿನಿಯಂ ಶೆಡ್ಡು ಮುಚ್ಚಿತು. ಅಲ್ಲಿದ್ದ ಉಳಿದವರನ್ನು ಫೈಬರಿಗೆ ತೆಗೆದುಕೊಂಡರು, ಬಸಣ್ಣನನ್ನು ತೆಗೆದುಕೊಳ್ಳಲಿಲ್ಲ. ನಿರ್ಲಕ್ಷ್ಯ ಎಂಬ ಶಬ್ದ ಅವನ ಹೆಸರಿನ ಪಕ್ಕ ಕೂತುಬಿಟ್ಟಿತ್ತು. ಕೊನೆಯ ದಿನ ಅವನು ನನ್ನ ಟೇಬಲ್ಲಿನ ಮುಂದೆ ಬಂದು ನಿಂತ. "ಒಂದ ಮಾತು ಕೇಳ್ತೀನ್ರಿ. ನಾ ತೊಳದಿಲ್ಲ ಅಂತ ನಿಮಗ ಖಾತ್ರಿ ಐತೇನ್ರಿ?"

"ಖಾತ್ರಿ ಇದೆ ಬಸಣ್ಣ," ಎಂದೆ.

ಅವನು ಸಿಟ್ಟಾಗಲಿಲ್ಲ. ತನ್ನ ಎರಡೂ ಕೈ ನೋಡಿಕೊಂಡು, "ಹಂಗಿದ್ರ ಇರಬೇಕ್ರಿ," ಎಂದು ಹೋದ.

ನಾಲ್ಕು ವರ್ಷ ಕಳೆದವು. ಫೈಬರ್ ಶೆಡ್ಡಿಗೆ ರೆಸಿನ್ ಸಿಂಪಡಿಸುವ ಗನ್ನು ಬಂತು, ಬ್ರಶ್ಶಿನಲ್ಲಿ ಹತ್ತು ದಿನ ಹಿಡಿಯುತ್ತಿದ್ದ ಕೆಲಸ ಮೂರು ದಿನದಲ್ಲಿ ಮುಗಿಯತೊಡಗಿತು. ಕೊಡೆಯ ಹಿಡಿಯಿಂದ ಕುಟ್ಟಿ ನೋಡುವುದು ಮಾತ್ರ ಬದಲಾಗಲಿಲ್ಲ, ಈಗ ಕುಟ್ಟುವವನು ನಾನಾಗಿದ್ದೆ. ಕೋಳಿವಾಡಾದ ದೋಣಿಗಳು ವರ್ಷ ವರ್ಷವೂ ತಳ ಸವೆಸಿಕೊಂಡು ರಿಪೇರಿಗೆ ಬರುತ್ತಿದ್ದವು. ಹೊಸ ಪದರ ಹಾಕಿ ಕಳಿಸುತ್ತಿದ್ದೆವು. ಹಿರಾಜಿ ಬಯ್ಯುತ್ತಿರಲಿಲ್ಲ, ಒಮ್ಮೆ ಮಾತ್ರ, "ಡಬ್ಬಾ ಬರಾ ಹೋತಾ," ಆ ಡಬ್ಬವೇ ಚೆನ್ನಾಗಿತ್ತು ಎಂದು ಗೊಣಗಿದ್ದ.

ಆ ವರ್ಷ ಮಳೆಗಾಲಕ್ಕೆ ಮೊದಲು ಪರೀಕ್ಷೆಯ ಕಾಲದ ಆ ಮೊದಲ ಫೈಬರ್ ದೋಣಿಯೇ ಬಂತು. ಮೂತಿಯ ಹಲಗೆಗಳನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ನಾನೇ ಎತ್ತಿದೆ. ಅಡಿಯಲ್ಲಿ ಗಟ್ಟಿಯಾದ ಕೆಸರು, ಕೆಸರಿನಲ್ಲಿ ಹಸಿರು ಹಿಡಿದ ಒಂದು ಕಾಸು. ನಡುವೆ ದುಂಡು ತೂತಿದ್ದ ಹಳೆಯ ಕಾಲದ ತಾಮ್ರದ ಕಾಸು.

ಅದನ್ನು ಅಲ್ಲಿ ಇಟ್ಟವನು ನಾನು.

ಇಷ್ಟು ಹೊತ್ತು ಇದನ್ನು ಹೇಳದಿರಲು ಕಾರಣ, ಆ ಕಾಸು ಕಣ್ಣಿಗೆ ಬೀಳುವವರೆಗೆ ನನಗೇ ನೆನಪಿರಲಿಲ್ಲ. ದೋಣಿಗಳು ನೀರಿಗಿಳಿದ ದಿನ ನನ್ನ ಅಮ್ಮ ಊರಿನಿಂದ ಬಂದು ಡೊಂಬಿವಲಿಯಲ್ಲಿದ್ದರು. ಅವರ ತವರಿನಲ್ಲಿ ಹೊಸ ದೋಣಿ ನೀರು ಮುಟ್ಟುವ ಮೊದಲು ಮೂತಿಯ ಹಲಗೆಯಡಿ ಒಂದು ತಾಮ್ರದ ಕಾಸು ಇಡುವ ಪದ್ಧತಿ. ಸಮುದ್ರ ತನ್ನ ಪಾಲು ಪಡೆಯಿತು, ಇನ್ನು ಬೇರೇನೂ ಕೇಳುವುದಿಲ್ಲ ಎಂದು ನಂಬಿಕೆ. ಮಗ ತಪಾಸಣೆ ಮಾಡಿದ ದೋಣಿ ಎಂದು ಅಮ್ಮನಿಗೆ ಹೆಮ್ಮೆ. ಪೆಟ್ಟಿಗೆಯಿಂದ ಎರಡು ಕಾಸು ತೆಗೆದು ಅರಸಿನ ಹಚ್ಚಿ ಕೊಟ್ಟರು. ಒಂದಕ್ಕೆ ಇಟ್ಟು ಇನ್ನೊಂದಕ್ಕೆ ಬಿಟ್ಟರೆ ಪಕ್ಷಪಾತ ಆಗುತ್ತದೆ ಎಂದು ಅವರೇ ಹೇಳಿದರು. ನನಗೂ ಅದು ನ್ಯಾಯ ಅನ್ನಿಸಿತು. ತೆಂಗಿನಕಾಯಿ, ಗುಲಾಲು, ಗದ್ದಲದ ನಡುವೆ ಯಾರಿಗೂ ಹೇಳದೆ ಎರಡೂ ದೋಣಿಯ ಹಲಗೆಯಡಿ ಒಂದೊಂದು ಸಿಕ್ಕಿಸಿ ಕೈಮುಗಿದೆ. ತಾಮ್ರ ಮುಟ್ಟಿಸಬೇಡಿ ಎಂದು ಹಿರಾಜಿಗೆ ಎರಡೆರಡು ಸಲ ಹೇಳಿದ ಅದೇ ನಾನು. ಅಮ್ಮ ಅರಸಿನ ಹಚ್ಚಿ ಕೊಟ್ಟದ್ದು ನನಗೆ ದೇವರ ಕಾಸಾಗಿ ಕಂಡಿತ್ತು. ಅದು ತಾಮ್ರ ಎಂಬುದು ತಲೆಗೆ ಹೋಗಲೇ ಇಲ್ಲ. ಫೈಬರಿಗೆ ತಾಮ್ರದಿಂದ ಏನೂ ಆಗುವುದಿಲ್ಲ, ಹಾಗಾಗಿ ಈ ದೋಣಿಯದು ಸುಮ್ಮನೆ ಬಿದ್ದುಕೊಂಡಿತ್ತು. ಅಲ್ಯುಮಿನಿಯಂ ದೋಣಿಯದು ತನ್ನ ಕೆಲಸ ಮಾಡಿ ಮುಗಿಸಿ, ಹಿರಾಜಿ ಒಳಗೆ ತೊಳೆದಾಗ ಕೆಸರಿನ ಜೊತೆ ಖಾಡಿಗೆ ಹೋಗಿರಬೇಕು.

ಡ್ರಾವರಿನ ಲಕೋಟೆಯಿಂದ ತುಂಡನ್ನು ತೆಗೆದೆ. ಅದರ ಒಳಮೈಯನ್ನು ನಾನು ಎಂದೂ ಸ್ವಚ್ಛ ಮಾಡಿ ನೋಡಿರಲಿಲ್ಲ. ಬಿಳಿ ಪುಡಿಯನ್ನು ಬ್ರಶ್ಶಿನಿಂದ ಉಜ್ಜಿ ತೆಗೆದಾಗ ಬಳೆಯ ಆಕಾರದ ಒಂದು ಗುಂಡಿ ಕಂಡಿತು, ನಡುವೆ ಕೆಡದೆ ಉಳಿದ ಒಂದು ದುಂಡು ಚುಕ್ಕೆ. ಕಾಸನ್ನು ಅದರ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ತೂತು ಬಿದ್ದದ್ದು ಕಾಸಿನ ಒಂದು ಅಂಚಿನಡಿಯಲ್ಲಿ. ಫ್ಲಕ್ಸಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ತುಂಡನ್ನೂ ಕಾಸನ್ನೂ ಅದೇ ಲಕೋಟೆಗೆ ಹಾಕಿಕೊಂಡು ಎದ್ದೆ.

ಪೇಂಡಸೆ ಸಾಹೇಬರಿಗೆ ತೋರಿಸಿದೆ. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಬಹಳ ಹೊತ್ತು ಕಾಸನ್ನು ಎತ್ತಿ ಇಟ್ಟು ಎತ್ತಿ ಇಟ್ಟು ಮಾಡಿ, ಆ ಶೆಡ್ಡು ಈಗ ಗೋದಾಮು, ಹತ್ತು ದೋಣಿ ನೀರಿನಲ್ಲಿವೆ, ಏನು ಬದಲಿಸುತ್ತೀ ಎಂದರು. ನಾನು ತುಂಡನ್ನೂ ಕಾಸನ್ನೂ ಎತ್ತಿಕೊಂಡೆ. ಬಾಗಿಲವರೆಗೆ ಬಂದಾಗ ಹಿಂದಿನಿಂದ, "ನನಗೆ ಹೇಳಿ ಆಯಿತು. ಯಾರಿಗೆ ಹೇಳಬೇಕೋ ಅವನಿಗೆ ಹೇಳು," ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಗೌರವ ಉಳಿದದ್ದು ಆ ಮಾತಿನಿಂದ.

ಬಸಣ್ಣನ ಚಾಳು ಗೊತ್ತಿತ್ತು. ಭಾನುವಾರ ಬೆಳಿಗ್ಗೆ ಕಲ್ಯಾಣಕ್ಕೆ ಹೋದೆ. ಅವನು ಸ್ಟೇಷನ್ನಿನ ಹತ್ತಿರ ಅಲ್ಯುಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲಿದ್ದಾನೆ, ಇವತ್ತೂ ಕೆಲಸ ಇದೆ ಎಂದು ಅವನ ಹೆಂಡತಿ ಹೇಳಿದಳು. ಅಂಗಡಿಯ ಮಾಲೀಕ ನನ್ನನ್ನು ಗಿರಾಕಿ ಎಂದುಕೊಂಡು ಕೂರಿಸಿದ. ಬಸಣ್ಣ ಹಳೆಯ ಸ್ನೇಹಿತ ಎಂದಾಗ ಅವನು ದೂರುವುದಕ್ಕೇ ಕಾಯುತ್ತಿದ್ದವನಂತೆ ಹಿಂದಿಯಲ್ಲಿ ಶುರು ಮಾಡಿದ. ಮನುಷ್ಯ ಒಳ್ಳೆಯವನು, ಆದರೆ ವೆಲ್ಡಿಂಗ್ ಮುಟ್ಟುವುದಿಲ್ಲ, ಕತ್ತರಿಸಿ ಮೊಳೆ ಹೊಡೆಯುವುದಷ್ಟೇ. ಮೊಳೆ ಹೊಡೆದ ಚೌಕಟ್ಟನ್ನೂ ತೊಳೆಯುತ್ತಾನೆ. ತೊಳೆಯುವುದಕ್ಕೆ ಅದರಲ್ಲಿ ಏನಿದೆ ಹೇಳಿ? ಒಂದು ಸಲ ಅಲ್ಲ, ಮೂರು ಸಲ.

ನಾನು ಹಿಂಬದಿಗೆ ಹೋದೆ. ಬಸಣ್ಣ ಕೂದಲು ಬೆಳ್ಳಗಾಗಿ, ಸ್ಟೂಲಿನ ಮೇಲೆ ಕೂತು ಚೌಕಟ್ಟಿಗೆ ಬ್ರಶ್ಶು ಹಾಕುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಕೈ ಒರೆಸಿಕೊಂಡ, ಚಹಾ ಹೇಳಲೇನ್ರಿ ಎಂದ. ಚಹಾ ಬೇಡ ಎಂದು ತುಂಡನ್ನೂ ಕಾಸನ್ನೂ ಅವನೆದುರಿನ ಬೆಂಚಿನ ಮೇಲಿಟ್ಟೆ. ಕಾಸನ್ನು ಗುಂಡಿಯಲ್ಲಿ ಕೂರಿಸಿ ತೋರಿಸಿದೆ. ಅಮ್ಮ ಕೊಟ್ಟದ್ದು, ನಾನು ಇಟ್ಟದ್ದು, ಹಲಗೆ ಎತ್ತಿ ನೋಡದೆ ಬರೆದದ್ದು, ಎಲ್ಲ ಹೇಳಿದೆ. ತಪ್ಪಾಯಿತು ಬಸಣ್ಣ ಎಂದೆ.

ಅವನು ಕಾಸನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಮತ್ತೆ ಗುಂಡಿಯಲ್ಲಿ ಇಟ್ಟ.

"ನಾಕು ವರ್ಷಾತ್ರಿ. ಆ ದಿನಾ ನೆನಸ್ತೀನಿ. ನೀರು ಕಾಸಿದ್ದು ನೆನಪೈತಿ, ಬ್ರಶ್ ಹಿಡದದ್ದು ನೆನಪೈತಿ. ಆದ್ರ ಆ ಮೂತಿ ಕಡೆ ತೊಳದಿದ್ನೋ ಇಲ್ಲೋ ಅಂತ ಮನಸಿಗೆ ಬರಾಂಗಿಲ್ಲ. ಕಲತವ್ರು ಬರದಾರ, ಖಾತ್ರಿ ಐತಿ ಅಂದಾರ, ಅಂದಮ್ಯಾಲ ತೊಳದಿಲ್ಲ ಅಂತನ ಆತಲ್ರಿ. ಆಮ್ಯಾಲ ಗ್ಯಾಸ್ ಹಿಡದ್ರ ಕೈ ಕೇಳವಲ್ದು. ಮಂದಿ ಕೂಡೋ ದೋಣಿ, ನನ್ನ ಕೈ ನಂಬಿ ಯಾರರ ಮುಳಗಿದ್ರ?"

ಕೆಲಸ ಹೋದದ್ದಕ್ಕೆ ಬಯ್ಯುತ್ತಾನೆ ಎಂದು ತಯಾರಾಗಿ ಬಂದಿದ್ದೆ. ಕೆಲಸದ ಮಾತನ್ನೇ ಅವನು ಎತ್ತಲಿಲ್ಲ. ನಾನು ಹಾಳು ಮಾಡಿದ್ದು ಅದಕ್ಕಿಂತ ದೊಡ್ಡದು ಎಂದು ಆಗ ತಿಳಿಯಿತು. ಹೊಸ ರಿಪೋರ್ಟು ಬರೆದು ತಂದಿದ್ದೇನೆ, ಸಹಿ ಹಾಕಿದ್ದೇನೆ ಎಂದು ಜೇಬಿಗೆ ಕೈ ಹಾಕಿದೆ.

"ಕಾಗದ ಬ್ಯಾಡ್ರಿ," ಎಂದ. "ಒಮ್ಮೆ ನಿಮ್ಮ ಕಾಗದಾ ನಂಬಿ ಸಾಕಾಗೈತಿ."

ಮೂಲೆಯಲ್ಲಿ ಮಾಲೀಕನ ಗ್ಯಾಸ್ ಸೆಟ್ಟು ಇತ್ತು. ಬಸಣ್ಣ ಅದನ್ನು ಎಳೆದು ತಂದ. ಅಲ್ಯುಮಿನಿಯಂ ಹಾಳೆಯ ಎರಡು ಪಟ್ಟಿ ಜೋಡಿಸಿ, ಫ್ಲಕ್ಸ್ ಹಚ್ಚಿ, ಉರಿ ಹಚ್ಚಿದ. ಮಾಲೀಕ ಬಾಗಿಲಲ್ಲಿ ಬಂದು ನಿಂತ. ಎರಡು ಅಂಗುಲ ಹೋಗುವುದರೊಳಗೆ ಹಾಳೆ ಕುಸಿದು ದೊಡ್ಡ ತೂತಾಯಿತು. ಬಸಣ್ಣ ಉರಿ ಆರಿಸಿ ಕೂತ. ನನಗೆ ಅವನ ಮುಖ ನೋಡಲಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎರಡು ಪಟ್ಟಿ ತೆಗೆದುಕೊಂಡ. ಈ ಸಲ ನಿಧಾನವಾಗಿ ಹೋದ, ಉಸಿರು ಹಿಡಿದು. ಒಂದೆಡೆ ಹಾಳೆ ಕುಸಿಯುವ ಹಾಗೆ ಹೊಳೆಯಿತು. ಅವನ ಕೈ ತಾನಾಗಿ ಹಿಂದೆ ಸರಿಯಿತು. ಮತ್ತೆ ಮುಂದೆ ಬಂತು. ಸಾಲು ಕೊನೆಯವರೆಗೆ ಹೋಯಿತು.

ಪಕ್ಕದ ಹೋಟೆಲಿನಿಂದ ಬಿಸಿನೀರು ತರಿಸಿ ಅದನ್ನು ತೊಳೆದ. ಒಂದೇ ಸಲ ತೊಳೆದ. ಬಟ್ಟೆಯಿಂದ ಒರೆಸಿ, ನನ್ನ ಕೈಗೆ ಕೊಟ್ಟು, "ತಪಾಸಣಿ ಮಾಡ್ರಿ," ಎಂದ.

ನಾನು ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಕಣ್ಣು ತುಂಬಿ ಏನೂ ಕಾಣುತ್ತಿರಲಿಲ್ಲ. "ಚೆನ್ನಾಗಿದೆ ಬಸಣ್ಣ. ಏನೂ ದೋಷ ಇಲ್ಲ," ಎಂದೆ.

"ನೋಡದನ ಹೇಳಬ್ಯಾಡ್ರಿ," ಎಂದ ಅವನು. "ಕಣ್ಣು ಒರಸಿಕೊಂಡು, ನೋಡಿ ಹೇಳ್ರಿ."